ಅರ್ಧ ಲಿಥಿಯಂ ತೆಗೆದರೆ ನಾಲ್ಕೂ ಕಬ್ಬಿಣ ಒಂದೇ ಥರ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬ್ಯಾಟರಿಯ ಲಿಥಿಯಂ ಐರನ್ ಫಾಸ್ಫೇಟ್ ಕ್ಯಾಥೋಡನ್ನು (ಧನ ವಿದ್ಯುದ್ವಾರ) ಕ್ವಾಂಟಮ್ ಎಸ್ಪ್ರೆಸ್ಸೋ ಎಂಬ ಕ್ವಾಂಟಮ್ ಲೆಕ್ಕಾಚಾರದ ತಂತ್ರಾಂಶದಲ್ಲಿ ಲೆಕ್ಕ ಹಾಕುತ್ತಿದ್ದೇನೆ. 28 ಪರಮಾಣುಗಳ ಸ್ಫಟಿಕ ಕೋಶ, ಅದರಲ್ಲಿ ನಾಲ್ಕು ಕಬ್ಬಿಣ. ಬರಿಯ ಪಿಬಿಇಯಲ್ಲಿ (ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಅಂದಾಜಿಸುವ ಒಂದು ಸಾಮಾನ್ಯ ಸೂತ್ರ) ವೋಲ್ಟೇಜ್ 3 ವೋಲ್ಟ್‌ಗಿಂತ ಕೆಳಗೇ ನಿಂತಿತು. ಕಬ್ಬಿಣದ ಡಿ ಕಕ್ಷಕಗಳಿಗೆ 4.3 ಇವಿ (ಎಲೆಕ್ಟ್ರಾನ್ ವೋಲ್ಟ್) ಹಬ್ಬರ್ಡ್ ಯು, ಅಂದರೆ ಒಂದೇ ಪರಮಾಣುವಿನ ಎಲೆಕ್ಟ್ರಾನ್‌ಗಳ ನಡುವಿನ ವಿಕರ್ಷಣೆಗೆ ಹಾಕುವ ತಿದ್ದುಪಡಿ, ಕೊಟ್ಟ ಮೇಲೆ ಪ್ರಯೋಗದ 3.4 ವೋಲ್ಟ್ ಹತ್ತಿರ ಬಂತು. ಆ ಖುಷಿಗೆ ಒಂದು ಕಾಫಿಯನ್ನೂ ಕುಡಿದೆ.

ತೊಡಕು ಶುರುವಾದದ್ದು ಅರ್ಧ ಲಿಥಿಯಂ ತೆಗೆದ ಮೇಲೆ. ಎರಡು ಕಬ್ಬಿಣ +2, ಎರಡು +3 ಆಗಬೇಕಲ್ಲವೇ? ನನ್ನ ಔಟ್‌ಪುಟ್‌ನಲ್ಲಿ ನಾಲ್ಕೂ ಕಬ್ಬಿಣಗಳ ಮ್ಯಾಗ್ನೆಟಿಕ್ ಮೊಮೆಂಟ್ (+2 ಯಾವುದು, +3 ಯಾವುದು ಎಂದು ಗುರುತಿಸಲು ನೋಡುವ ಕಾಂತೀಯ ಅಳತೆ) 3.9ರ ಆಸುಪಾಸು, ಎಲೆಕ್ಟ್ರಾನನ್ನು ಅಣ್ಣತಮ್ಮಂದಿರ ಹಾಗೆ ಸಮಪಾಲು ಮಾಡಿಕೊಂಡು ಕುಳಿತಿವೆ. ಆರಂಭದ ಮೊಮೆಂಟ್‌ಗಳನ್ನು ಬೇರೆ ಬೇರೆ ಕೊಟ್ಟೆ, ಸಮಮಿತಿಯನ್ನು ನಿಲ್ಲಿಸಿದೆ, ಪ್ರತಿ ಸುತ್ತಿನಲ್ಲಿ ಹೊಸ ಫಲಿತಾಂಶವನ್ನು ಎಷ್ಟು ಬೆರೆಸಬೇಕು ಎನ್ನುವ ಮಿಕ್ಸಿಂಗ್ ಬೀಟಾವನ್ನು 0.7ರಿಂದ 0.2ಕ್ಕೆ ಇಳಿಸಿದೆ. ಮೊದಲ ಕೆಲವು ಸುತ್ತುಗಳಲ್ಲಿ ವ್ಯತ್ಯಾಸ ಕಾಣುತ್ತದೆ, ಆಮೇಲೆ ಮತ್ತೆ ಅದೇ ರಾಗ. ಒಂದೊಂದು ಓಟಕ್ಕೂ ಒಂದು ರಾತ್ರಿ ಹೋಗುತ್ತಿದೆ.

ಈಗ ನನ್ನ ಮುಂದೆ ಎರಡು ದಾರಿ ಇವೆ. ಎರಡು ಕಬ್ಬಿಣಗಳ ಸುತ್ತಲಿನ ಆಮ್ಲಜನಕ ಬಂಧಗಳನ್ನು ಕೈಯಿಂದಲೇ ತುಸು ಗಿಡ್ಡ ಮಾಡಿ ರಿಲ್ಯಾಕ್ಸ್ ಮಾಡಬೇಕೇ (ಪರಮಾಣುಗಳು ಕಡಿಮೆ ಶಕ್ತಿಯ ಜಾಗಕ್ಕೆ ಸರಿಯಲು ಬಿಡಬೇಕೇ), ಅಥವಾ ಡಿ ಕಕ್ಷಕಗಳ ಆಕ್ಯುಪೇಶನ್ ಮ್ಯಾಟ್ರಿಕ್ಸನ್ನು (ಯಾವ ಕಕ್ಷಕದಲ್ಲಿ ಎಷ್ಟು ಎಲೆಕ್ಟ್ರಾನ್ ಎಂಬ ಪಟ್ಟಿ) ಆರಂಭದಲ್ಲೇ ಗೊತ್ತುಪಡಿಸಬೇಕೇ? ಇದನ್ನು ಮಾಡಿ ನೋಡಿದವರು ಯಾವುದನ್ನು ಮೊದಲು ಹಿಡಿಯಲಿ ಎಂದು ಹೇಳುತ್ತೀರಾ?