ಒಬ್ಬನೇ ಹಾಡಲು ಯಾವ ಸ್ಪೀಕರ್ ತಗೊಳ್ಳಲಿ?

ದಾವಣಗೆರೆ ಗಿಟಾರ್: ನಾನು ಗಿಟಾರ್ ಹಿಡಿದು ಒಬ್ಬನೇ ಹಾಡುತ್ತೇನೆ. ನಾಮಕರಣ, ಹುಟ್ಟುಹಬ್ಬ, ಕೆಲವೊಮ್ಮೆ ಕುಂದವಾಡ ಕೆರೆ ಹತ್ತಿರ ಗೆಳೆಯರ ಮುಂದೆ. ಐವತ್ತು ಅರವತ್ತು ಜನಕ್ಕೆ ಕೇಳಿಸಿದರೆ ಸಾಕು. ಬೈಕಿನಲ್ಲಿ ಒಯ್ಯುವಂತಿರಬೇಕು, ಕರೆಂಟ್ ಹೋದರೂ ಹಾಡು ನಿಲ್ಲಬಾರದು. ಯಾವುದು ಒಳ್ಳೆಯದು?

ದುರ್ಗದ ಹಾಡುಗಾರ್ತಿ: ಬ್ಯಾಟರಿ ಇರುವುದನ್ನೇ ತಗೊಳ್ಳಿ. ನನ್ನ ಹತ್ತಿರ ಬೋಸ್ ಎಸ್1 ಪ್ರೊ ಇದೆ. ಸುಮಾರು 7 ಕೆಜಿ, ಒಂದು ಚಾರ್ಜಿಗೆ 11 ಗಂಟೆವರೆಗೆ ಎಂದು ಕಂಪನಿಯವರು ಹೇಳುತ್ತಾರೆ, ಜೋರು ಇಟ್ಟಷ್ಟೂ ಬೇಗ ಇಳಿಯುತ್ತದೆ, ಅದು ಎಲ್ಲ ಬ್ಯಾಟರಿಗೂ ಅಷ್ಟೇ. ರೋಲಂಡ್ ಕ್ಯೂಬ್ ಸ್ಟ್ರೀಟ್ ಇಎಕ್ಸ್ ಕೂಡ ನೋಡಿ, 50 ವ್ಯಾಟ್, 8 ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ. ಸೆಲ್ ಯಾವ ಅಂಗಡಿಯಲ್ಲೂ ಸಿಗುತ್ತದೆ ಅಲ್ವಾ.

ಮೈಕ್‌ಸೆಟ್ ಅಣ್ಣ: ಸುಮ್ನೆ ವ್ಯಾಟ್ ನೋಡಿ ತಗೊಳ್ಳಬೇಡಿ ತಮ್ಮಾ. ಮೈಕಿಗೆ, ಗಿಟಾರಿಗೆ ಬೇರೆ ಬೇರೆ ಚಾನೆಲ್ (ಪ್ರತಿಯೊಂದಕ್ಕೂ ತನ್ನದೇ ಜಾಕ್, ವಾಲ್ಯೂಮ್) ಇರಲೇಬೇಕು. ಗಿಟಾರಿನಲ್ಲಿ ಪ್ರೀಆಂಪ್ (ಸಿಗ್ನಲ್ ಬಲಪಡಿಸುವ ಚಿಕ್ಕ ಸರ್ಕ್ಯೂಟ್) ಇಲ್ಲದ ಪೀಜೋ ಪಿಕಪ್ (ತಂತಿಯ ಕಂಪನ ಹಿಡಿಯುವ ಪಟ್ಟಿ) ಇದ್ದರೆ ಹೈ-ಝೆಡ್ (ಅಂಥ ಪಿಕಪ್ ನೇರವಾಗಿ ಜೋಡಿಸಲು ಹೊಂದುವ) ಇನ್‌ಪುಟ್ ಇರುವುದನ್ನೇ ಹುಡುಕಿ, ಇಲ್ಲದಿದ್ದರೆ ದನಿ ತೆಳ್ಳಗಾಗಿ ಬೇಸ್ ಹೋಗಿಬಿಡುತ್ತದೆ. ಎಸ್‌ಎಂ58 ಥರದ ಡೈನಾಮಿಕ್ (ಬ್ಯಾಟರಿ, ಪವರ್ ಬೇಡದ) ಮೈಕ್ ಸಾಕು. ಸ್ಪೀಕರನ್ನು ಬೆನ್ನ ಹಿಂದೆ ಇಡಬೇಡಿ, ಮೈಕಿಗಿಂತ ಸ್ವಲ್ಪ ಮುಂದೆ, ಪಕ್ಕಕ್ಕೆ, ಸ್ಟ್ಯಾಂಡ್ ಮೇಲೆ ಕೂತವರ ತಲೆಗಿಂತ ಎತ್ತರಕ್ಕೆ ಇಡಿ, ಆಗ ಕುಯ್ ಅನ್ನುವುದೂ ಕಡಿಮೆ, ಕೊನೆಯ ಸಾಲಿಗೂ ಕೇಳುತ್ತದೆ.

ದಾವಣಗೆರೆ ಗಿಟಾರ್: ನನ್ನದು ಪೀಜೋನೇ ಅಣ್ಣಾ, ಪ್ರೀಆಂಪ್ ಇಲ್ಲ. ಭಾನುವಾರ ಗಿಟಾರ್ ಸಮೇತ ಅಂಗಡಿಗೆ ಹೋಗಿ, ಹಾಡಿಯೇ ನೋಡುತ್ತೇನೆ.