ಹೇರ್ ಕಲರ್ ಕಂಪನಿ ಬದಲಾಯಿಸಿದರೆ ಹಳೇ ಕಸ್ಟಮರ್‌ಗಳ ಶೇಡ್ ನಂಬರ್ ಏನಾಗುತ್ತೆ?

ಪ್ರಶ್ನೆ, ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಲೇಡೀಸ್ ಸಲೂನ್. ನಾನು, ಜೊತೆಗೆ ಇಬ್ಬರು ಹುಡುಗೀರು. ಅಂಗಡಿ ತೆರೆದಾಗಿನಿಂದ ಒಂದೇ ಕಂಪನಿ ಕಲರ್ ಬಳಸ್ತಾ ಬಂದಿದ್ದೀವಿ. ಈಗ ಕೆಲವು ತಿಂಗಳಿಂದ ಮಾಲು ಸರಿಯಾಗಿ ಬರ್ತಿಲ್ಲ. 4ನೇ ನಂಬರ್ ಶೇಡ್ ಬಂದರೆ 5.3 ಇರಲ್ಲ, 5.3 ಬಂದರೆ ಅದಕ್ಕೆ ಕಲೆಸೋ ಆಕ್ಸೈಡ್ (ಪೆರಾಕ್ಸೈಡ್) ಇರಲ್ಲ. ಅಷ್ಟರಲ್ಲಿ ಬೇರೆ ಕಂಪನಿ ರೆಪ್ (ಸೇಲ್ಸ್‌ನವರು) ಬಂದಿದ್ದರು. ಓಪನಿಂಗ್ ಆರ್ಡರ್ ಕೊಟ್ಟರೆ ಶೇಡ್ ಕಾರ್ಡ್, ಏಪ್ರನ್, ಬೌಲು ಎಲ್ಲಾ ಫ್ರೀ, ಮೇಲೆ ಬೆಂಗಳೂರಲ್ಲಿ ಟ್ರೈನಿಂಗ್. ಒಂದು ಹಾಳೆ ಕೊಟ್ಟು, "ಎಡಗಡೆ ನಿಮ್ಮ ಹಳೇ ನಂಬರು, ಬಲಗಡೆ ನಮ್ಮದು. ನೋಡ್ಕೊಂಡು ನಾಳೆಯಿಂದಲೇ ಹಚ್ಚಿ ಮೇಡಂ" ಅಂದರು.

ನನಗೆ ಅಷ್ಟು ಧೈರ್ಯ ಬರ್ತಿಲ್ಲ. ನಮ್ಮಲ್ಲಿಗೆ ಬರೋರಲ್ಲಿ ಹೆಚ್ಚಿನವರು ಟೀಚರ್‌ಗಳು, ಬ್ಯಾಂಕಿನವರು. ತಿಂಗಳಿಗೊಮ್ಮೆ ರೂಟ್ ಟಚ್‌ಅಪ್, ಅಂದರೆ ಬೇರಲ್ಲಿ ಹೊಸದಾಗಿ ಬೆಳೆದಷ್ಟಕ್ಕೆ ಬಣ್ಣ. ಕಿವಿ ಪಕ್ಕ ನಾಲ್ಕು ಬಿಳಿ ಎಳೆ ಉಳಿದರೂ ಮರುದಿನ ಫೋನ್ ಬರುತ್ತೆ. ಆ ಹಾಳೆ ನಂಬಬಹುದಾ? ಉಳಿದಿರೋ ಹಳೇ ಟ್ಯೂಬು, ಎರಡು ಕ್ಯಾನ್ ಆಕ್ಸೈಡ್ ಏನು ಮಾಡಲಿ? ಅಮೋನಿಯಾ ಇಲ್ಲದ್ದೇ ತಗೊಳ್ಳಿ ಅಂತಾರೆ, ಅದು ನಿಜಕ್ಕೂ ಒಳ್ಳೇದಾ?

ಉತ್ತರ, ಬೆಂಗಳೂರಿನ ಕಲರಿಸ್ಟ್:

ಮೇಡಂ, ಹಾಳೆ ಇಟ್ಕೊಳ್ಳಿ. ಆದರೆ ಬರೀ ಅದನ್ನ ನೋಡಿ ಯಾರ ತಲೆಗೂ ಹಚ್ಚಬೇಡಿ.

ಟ್ಯೂಬಿನ ಮೇಲಿರೋ ಮೊದಲ ಅಂಕಿ ಬಣ್ಣದ ಆಳ, ಅಂದರೆ ಲೆವೆಲ್ ಹೇಳುತ್ತೆ. 1 ಅಂದರೆ ಕಡುಕಪ್ಪು, 10 ಅಂದರೆ ತೀರಾ ತಿಳಿ ಬ್ಲಾಂಡ್. ಇದು ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ. ಚುಕ್ಕೆ ಆದಮೇಲೆ ಬರೋ ಅಂಕಿ ಮಾತ್ರ ಆಯಾ ಕಂಪನಿಯ ಸ್ವಂತ ಲೆಕ್ಕ. ಲೋರಿಯಲ್‌ನಲ್ಲಿ 4 ಅಂದರೆ ಕಾಪರ್. ವೆಲ್ಲಾ ಕೋಲೆಸ್ಟನ್‌ನಲ್ಲಿ ಅದೇ 4 ಕೆಂಪು. ಶ್ವಾರ್ಜ್‌ಕಾಫ್ ಇಗೋರಾದಲ್ಲಿ ಬೀಜ್. 3 ಅನ್ನೋದು ಮೊದಲೆರಡರಲ್ಲೂ ಗೋಲ್ಡ್, ಇಗೋರಾದಲ್ಲಿ ಮ್ಯಾಟ್, ಅಂದರೆ ಹಸಿರಿನ ಕಡೆಗೆ ವಾಲೋದು. ಅಲ್ಲಿ ಗೋಲ್ಡ್ ಬೇಕಾದರೆ 5 ನೋಡಬೇಕು. ನಿಮ್ಮ ಹುಡುಗಿ ಶನಿವಾರದ ಗಡಿಬಿಡಿಯಲ್ಲಿ ಹಳೇ ಅಭ್ಯಾಸದ ಮೇಲೆ 3 ಇರೋ ಡಬ್ಬಿಗೆ ಕೈ ಹಾಕಿದರೆ ಮುಗೀತು. ಅದಕ್ಕೇ ಎರಡು ಕಂಪನಿ ಟ್ಯೂಬುಗಳು ಒಂದೇ ಶೆಲ್ಫಿನಲ್ಲಿ ಒಂದು ದಿನವೂ ಇರಬಾರದು. ಹಳೇದು ಒಂದು ಕಪಾಟು, ಹೊಸದು ಇನ್ನೊಂದು.

ಹಾಳೆಯಲ್ಲಿ ಈ ಅಂಕಿಗಳನ್ನ ಸರಿಯಾಗೇ ಹೊಂದಿಸಿರ್ತಾರೆ. ಅದು ಹೇಳದ ವಿಷಯ ಬೇರೆ ಇದೆ. ಎರಡು ಕಂಪನಿಯ ನ್ಯಾಚುರಲ್ 4 (ಬೇರೆ ಛಾಯೆ ಸೇರಿಸದ ಬರೀ 4) ಅಂದರೆ ಎರಡು ಮನೆಯ ಸಾರಿನ ಪುಡಿ ಇದ್ದ ಹಾಗೆ. ಒಬ್ಬರದು ಸ್ವಲ್ಪ ನೀಲಿ ಹೊಡೆಯುತ್ತೆ, ಇನ್ನೊಬ್ಬರದು ಬೆಚ್ಚಗೆ ಕಂದು ಕಾಣುತ್ತೆ. ಒಂದು ಹಚ್ಚಿದ ದಿನವೇ ಕಡುಕಪ್ಪು ಅನ್ನಿಸಿ ವಾರದಲ್ಲಿ ತಿಳಿಯಾಗುತ್ತೆ, ಇನ್ನೊಂದು ಕಡೇವರೆಗೂ ಹಾಗೇ ಇರುತ್ತೆ. ಇದನ್ನ ನಿಮ್ಮ ಕಣ್ಣಿಂದಲೇ ನೋಡಬೇಕು.

ನಾನು ಮಾಡೋದು ಹೀಗೆ. ಹೇರ್‌ಕಟ್ ಆದಾಗ, ಕಸ್ಟಮರ್‌ಗೆ ಒಂದು ಮಾತು ಹೇಳಿ, ಬಣ್ಣ ತಾಗದ ಬಿಳಿ ಕೂದಲು ಜಾಸ್ತಿ ಇರೋ ಜೊಂಪೆ ಎತ್ತಿಟ್ಕೊಳ್ತೀನಿ. ಶಾಂಪೂ ಹಾಕಿ ತೊಳೆದು ಒಣಗಿಸಿ, ಪೆನ್ಸಿಲ್ ದಪ್ಪದ ಕಟ್ಟು ಮಾಡಿ ಒಂದು ತುದಿಗೆ ದಾರ ಬಿಗಿಯೋದು. ಹೊಸ ಕಂಪನಿಯ ನ್ಯಾಚುರಲ್ 3, 4, 5, ಆಮೇಲೆ ನೀವು ಹೆಚ್ಚು ಬಳಸೋ ಗೋಲ್ಡು, ಬ್ರೌನು, ಒಂದೊಂದು ಕಟ್ಟಿಗೆ ಒಂದೊಂದು. ಟ್ಯೂಬಿನ ಕಾಗದದಲ್ಲಿರೋ ಪ್ರಮಾಣ, ಅದರಲ್ಲಿರೋ ಟೈಮೇ ಇರಲಿ, ನಿಮ್ಮ ಕೈಚಳಕ ಏನೂ ಬೇಡ. ತೊಳೆದು ಒಣಗಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಹಳೇ ಕಂಪನಿಯದ್ದೂ ಹಾಗೇ ಮಾಡಿ ಅಂಟಿಸಿ. ಬಾಗಿಲ ಹತ್ತಿರ ಹಗಲು ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟಿನ ಕೆಳಗಲ್ಲ. ಪ್ರತಿಯೊಂದರದ್ದೂ ಇನ್ನೊಂದು ಕಟ್ಟು ಉಳಿಸ್ಕೊಂಡು ದಿನಾ ಶಾಂಪೂ ಹಾಕ್ತಾ ಇದ್ದರೆ ಬಣ್ಣ ಯಾವ ಕಡೆ ಇಳಿಯುತ್ತೆ ಅನ್ನೋದೂ ಗೊತ್ತಾಗುತ್ತೆ. ರೆಪ್ ಕೊಡೋ ಶೇಡ್ ಕಾರ್ಡಿನ ನೈಲಾನ್ ಎಳೆಗಳಿಗಿಂತ ಈ ನೋಟ್‌ಬುಕ್ಕು ನೂರು ಪಾಲು ವಾಸಿ.

ಇನ್ನು ಪ್ರಮಾಣ. ಕಂಪನಿ ಬದಲಾಯಿಸಿದವರು ಹೆಚ್ಚಾಗಿ ಎಡವೋದು ಇಲ್ಲಿ. ಲೋರಿಯಲ್ ಮಾಜಿರೆಲ್ ಒಂದು ಪಾಲು ಕ್ರೀಮಿಗೆ ಒಂದೂವರೆ ಪಾಲು ಆಕ್ಸೈಡ್. ಇಗೋರಾ ರಾಯಲ್, ಕೋಲೆಸ್ಟನ್ ಪರ್ಫೆಕ್ಟ್ ಸಾಮಾನ್ಯ ಶೇಡುಗಳಿಗೆ ಸಮಸಮ. ಸಮಸಮ ಕಲೆಸಬೇಕಾದ ಕ್ರೀಮಿಗೆ ಒಂದೂವರೆ ಪಾಲು ಹಾಕಿದರೆ ಬಣ್ಣ ತೆಳುವಾಗಿ, ಹಣೆ ಮೇಲೆ ಇಳಿದು, ಬಿಳಿ ಕೂದಲು ಗಾಜಿನ ಹಾಗೆ ಮಿಂಚ್ತಾ ಉಳಿಯುತ್ತೆ. "ಹೊಸ ಕಂಪನಿ ಕಲರ್ ಹಿಡಿಯಲ್ಲ" ಅನ್ನೋ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತೆ. ಹಿಂದುಮುಂದಾದರೆ ಪೆರಾಕ್ಸೈಡ್ ಸಾಲದೆ ಕೂದಲು ಬೇಕಾದಷ್ಟು ತಿಳಿಯಾಗದೆ ಮಬ್ಬಾಗುತ್ತೆ. ಬ್ರಷ್ ಹಿಡಿಯೋ ಮುಂಚೆ ಒಂದು ಡಿಜಿಟಲ್ ತಕ್ಕಡಿ ತನ್ನಿ. ಕಣ್ಣಳತೆ ಹಳೇ ಕಂಪನಿಗೆ ಪಳಗಿರೋದು, ಹೊಸದಕ್ಕೆ ಬರಲ್ಲ.

ಹಳೇ ಆಕ್ಸೈಡ್ ಹೊಸ ಟ್ಯೂಬಿಗೆ ಬೇಡ. 6% ಅಂದರೆ ಯಾವ ಕಂಪನಿಯದ್ದಾದರೂ 6% ಪೆರಾಕ್ಸೈಡೇ, ಅದೇ 20 ವಾಲ್ಯೂಮ್, ನಿಜ. ಆದರೆ ಅದರ ಗಟ್ಟಿತನ, ಅದರಲ್ಲಿರೋ ಆಮ್ಲ ಎಲ್ಲಾ ತಮ್ಮದೇ ಕ್ರೀಮಿಗೆ ಹೊಂದೋ ಹಾಗೆ ಮಾಡಿರ್ತಾರೆ. ಬೇರೆಯದ್ದಕ್ಕೆ ಕಲೆಸಿದರೆ ಒಮ್ಮೆ ಗಂಟು, ಒಮ್ಮೆ ನೀರು. ನಾಳೆ ಏನಾದರೂ ಎಡವಟ್ಟಾದರೆ ಎರಡೂ ಕಂಪನಿಯವರು ಕೈ ತೊಳ್ಕೊಳ್ತಾರೆ. ಹಳೇ ಟ್ಯೂಬು, ಹಳೇ ಆಕ್ಸೈಡ್ ಜೊತೆಯಾಗೇ ಖಾಲಿ ಮಾಡಿ. ಬಾಯಿ ಒಡೆದ ಟ್ಯೂಬು ಮೊದಲು. ಗಾಳಿ ತಾಗಿ ಮೂತಿಯಲ್ಲಿ ಕಪ್ಪಾಗಿರೋ ಕ್ರೀಮನ್ನ ಹಿಂಡಿ ಬಿಸಾಕಿ, ಅದನ್ನ ಬೌಲಿಗೆ ಹಾಕಬೇಡಿ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಯಾರಿಂದ ಶುರು ಮಾಡೋದು? ಹಳೇ ಕಸ್ಟಮರ್‌ಗಳ ಕೂದಲಿನ ಉದ್ದದಲ್ಲಿ ಹಳೇ ಕಂಪನಿ ಬಣ್ಣ ಇದ್ದೇ ಇರುತ್ತಲ್ಲ?

ಉತ್ತರ, ಬೆಂಗಳೂರಿನ ಕಲರಿಸ್ಟ್:

ಮೊದಲು ಹೊಸದಾಗಿ ಬರೋರು, ಇದುವರೆಗೂ ಬಣ್ಣ ಮುಟ್ಟದ ತಲೆಗಳು. ಅವರಲ್ಲಿ ಹೋಲಿಸೋಕೆ ಹಳೇದು ಅಂತ ಏನೂ ಇಲ್ಲ. ಆಮೇಲೆ ಬರೀ ನ್ಯಾಚುರಲ್ 3 ಅಥವಾ 4 ಹಚ್ಚಿಸ್ಕೊಳ್ಳೋ ಖಾಯಂ ಗಿರಾಕಿಗಳು. ಕೆಂಪು, ಬರ್ಗಂಡಿ, ಕಾಪರ್ ಇರೋರನ್ನ ಕಡೆಗೆ ಇಟ್ಕೊಳ್ಳಿ. ಕೆಂಪಿನಲ್ಲಿ ಕೂದಲೆಳೆ ವ್ಯತ್ಯಾಸವೂ ಎದ್ದು ಕಾಣುತ್ತೆ. ಅವರಿಗೆ ಸಾಕಾಗುವಷ್ಟು ಹಳೇ ಟ್ಯೂಬು ಎತ್ತಿಟ್ಟಿರಿ.

ಬೇರಿಗೆ ಹೊಸದು ಹಚ್ಚಿದಾಗ ಉದ್ದದ ಹಳೇ ಬಣ್ಣದ ಜೊತೆ ಪಟ್ಟಿ ಬೀಳೋ ಸಾಧ್ಯತೆ ಇದೆ. ಆಗ ಬೇರಿನ ಪೆರಾಕ್ಸೈಡ್ ಕಲರನ್ನೇ ಉದ್ದಕ್ಕೂ ಎಳೆದುಬಿಡೋ ಚಾಳಿ ನಮ್ಮಲ್ಲಿ ಬಹಳ. ಪ್ರತಿ ತಿಂಗಳು ಹಾಗೆ ಎಳೆದರೆ ತುದಿ ಕಪ್ಪಾಗಿ, ಒಣಗಿ ಹುಲ್ಲಾಗುತ್ತೆ. ಹಚ್ಚಿದ ಬಣ್ಣದ ಮೇಲೆ ಬಣ್ಣ ಹಚ್ಚಿ ತಿಳಿ ಮಾಡೋಕೂ ಆಗಲ್ಲ. ಉದ್ದಕ್ಕೆ ಅದೇ ಕಂಪನಿಯ ಟೋನ್ ಆನ್ ಟೋನ್ (ಕೂದಲು ತಿಳಿ ಮಾಡದೆ ಛಾಯೆ ಮಾತ್ರ ಕೂರಿಸೋ ಕಲರ್) ತಗೊಂಡು, ಕಡಿಮೆ ಪವರ್ ಆಕ್ಸೈಡಲ್ಲಿ ಕಲೆಸಿ, ಅದರ ಟೈಮಿಗೆ ಮಾತ್ರ ಬಿಡಿ. ಒಂದೆರಡು ಸಿಟ್ಟಿಂಗಲ್ಲಿ ಪಟ್ಟಿ ಕೂಡ್ಕೊಳ್ಳುತ್ತೆ.

ಕಿವಿ ಪಕ್ಕದ ಆ ನಾಲ್ಕು ಎಳೆಯ ವಿಷಯ. ಅರ್ಧಕ್ಕಿಂತ ಜಾಸ್ತಿ ಬಿಳಿ ಇರೋರಿಗೆ ಫ್ಯಾಷನ್ ಶೇಡ್ (ಕೆಂಪು, ಕಾಪರ್ ಥರದ್ದು) ಒಂದನ್ನೇ ಹಚ್ಚಿದರೆ ಬಿಳಿ ಎಳೆಗಳು ಮಾತ್ರ ಕೆಂಪಗೆ ಹೊಳೆಯುತ್ತವೆ. ಅದೇ ಲೆವೆಲ್ಲಿನ ನ್ಯಾಚುರಲ್ ಅರ್ಧ, ಫ್ಯಾಷನ್ ಅರ್ಧ ಕಲೆಸಿ. 6% ಸಾಕು. ಕಿವಿ ಪಕ್ಕದಿಂದಲೇ ಶುರು ಮಾಡಿ, ಅಲ್ಲಿ ಧಾರಾಳವಾಗಿ ಹಚ್ಚಿ, ಒತ್ತಿ ಎಳೆಯಬೇಡಿ. ಟೈಮು ಹಚ್ಚಿ ಮುಗಿದಮೇಲಿಂದ ಲೆಕ್ಕ. ಮಾಜಿರೆಲ್‌ನ 35 ನಿಮಿಷದ ಅಭ್ಯಾಸ ಇರೋರು ಗಮನಿಸಿ: ಇಗೋರಾದಲ್ಲಿ 30ರಿಂದ 45 ಅಂತ ಇರುತ್ತೆ, ಬಿಳಿ ಜಾಸ್ತಿ ಇದ್ದರೆ ಪೂರ್ತಿ ಬಿಡಿ. ಬಣ್ಣದ ಚಿಕ್ಕ ಕಣಗಳು ಒಳಗೆ ಹೋಗಿ, ಅಲ್ಲೇ ಕೂಡ್ಕೊಂಡು ದೊಡ್ಡದಾದಮೇಲೆ ತಾನೇ ಸಿಕ್ಕಿಹಾಕ್ಕೊಳ್ಳೋದು? ಕಪ್ಪಾಯ್ತಲ್ಲ ಅಂತ ಬೇಗ ತೊಳೆದರೆ ಬೇಗ ಇಳಿಯುತ್ತೆ.

ಹುಬ್ಬಳ್ಳಿಯ ಸದಸ್ಯೆ:

ಸರ್, ನಡುವ ಒಂದ ಮಾತ ಕೇಳ್ತೀನ್ರಿ. ನಮ್ಮ ಕಡೆ ಮೆಹಂದಿ ಹಚ್ಚಿದ ತಲಿ ಭಾಳ ಬರ್ತಾವ. ಕಂಪನಿ ಬದಲಿ ಮಾಡಿದ್ರ ಅಂಥಾವ್ರ ಕೂದಲ ಹಸರ ಆಕ್ಕೈತಿ ಅಂತಾರ, ಖರೇನ್ರಿ?

ಉತ್ತರ, ಬೆಂಗಳೂರಿನ ಕಲರಿಸ್ಟ್:

ಕಂಪನಿಗೂ ಅದಕ್ಕೂ ಸಂಬಂಧ ಇಲ್ಲ ಅಕ್ಕಾರ. ಮನೆಯಲ್ಲಿ ಅರೆದ ಶುದ್ಧ ಗೋರಂಟಿ ಎಲೆ ಅಂಥ ತೊಂದರೆ ಕೊಡಲ್ಲ. ಕೂದಲಿಗೆ ಕೆಂಪು ಹಿಡಿಸುತ್ತೆ, ಬಣ್ಣ ಸಮನಾಗಿ ಕೂರೋಕೆ ಅಡ್ಡಿ ಮಾಡಬಹುದು, ಅಷ್ಟೇ. ಕಷ್ಟ ಇರೋದು ಪ್ಯಾಕೆಟ್ಟಲ್ಲಿ ಬರೋ, ಲೋಹದ ಲವಣ ಬೆರೆಸಿದ ಪುಡಿಗಳಲ್ಲಿ. ಪೆರಾಕ್ಸೈಡ್ ತಾಗಿದಾಗ ಅವು ಬಿಸಿಯಾಗ್ತವೆ, ಹಸಿರಾಗ್ತವೆ, ಕೂದಲು ತುಂಡಾಗೋದೂ ಉಂಟು. ಅನುಮಾನ ಇದ್ದರೆ ಒಳಗಿಂದ ಒಂದು ಎಳೆ ಕತ್ತರಿಸಿ, ಗಾಜಿನ ಬಟ್ಟಲಲ್ಲಿ 30 ಮಿ.ಲೀ. 20 ವಾಲ್ಯೂಮ್ ಪೆರಾಕ್ಸೈಡಿಗೆ 20 ಹನಿ ಅಮೋನಿಯಾ ಹಾಕಿ ಅರ್ಧ ಗಂಟೆ ನೆನೆಸಿ. ಬಿಸಿ, ನೊರೆ, ಕೆಟ್ಟ ವಾಸನೆ, ವಿಚಿತ್ರ ಬಣ್ಣ, ಇದರಲ್ಲಿ ಒಂದು ಕಂಡರೂ ಆ ತಲೆಗೆ ಕೆಮಿಕಲ್ ಕಲರ್ ಹಚ್ಚಬೇಡಿ. ಇದನ್ನ ಕಿಟಕಿ ತೆರೆದು, ಗ್ಲೌಸ್ ಹಾಕ್ಕೊಂಡು ಮಾಡಿ.

ದಾವಣಗೆರೆ ಮೇಡಂಗೂ ಇನ್ನೊಂದು ಮಾತು: ಮನೆಯಲ್ಲಿ ಬೋರ್ ನೀರಲ್ಲಿ ತಲೆಸ್ನಾನ ಮಾಡೋರ ಕೂದಲಲ್ಲಿ ಸುಣ್ಣ, ಕಬ್ಬಿಣ ಕೂತಿರುತ್ತೆ. ಬಣ್ಣ ಮಾಸಲಾಗಿ ಬಂದರೆ ಹೊಸ ಟ್ಯೂಬನ್ನ ಬೈಯೋ ಮೊದಲು ಒಂದು ಸಲ ಖನಿಜ ತೆಗೆಯೋ ಕೀಲೇಟಿಂಗ್ ಶಾಂಪೂ ಹಾಕಿ ನೋಡಿ.

ಅಮೋನಿಯಾ ಪ್ರಶ್ನೆ ಬಾಕಿ ಇತ್ತು. ಅಮೋನಿಯಾ ಇಲ್ಲದ ಕಲರಲ್ಲಿ ಸಾಮಾನ್ಯವಾಗಿ ಅದರ ಜಾಗಕ್ಕೆ ಎಂಇಎ ಅನ್ನೋ ಬೇರೆ ಕ್ಷಾರ ಇರುತ್ತೆ. ಅದು ಅಮೋನಿಯಾ ಥರ ಗಾಳಿಗೆ ಹಾರಲ್ಲ, ಹಾಗಾಗಿ ಮೂಗಿಗೆ ಹೊಡೆಯಲ್ಲ. ಚಿಕ್ಕ ಎಸಿ ರೂಮಲ್ಲಿ ದಿನವಿಡೀ ಕೆಲಸ ಮಾಡೋ ನಿಮ್ಮ ಹುಡುಗೀರಿಗೆ ಇದು ದೊಡ್ಡ ಉಪಕಾರ. ಹಾರಲ್ಲ ಅಂದಮೇಲೆ ಕೂದಲಲ್ಲೇ ಉಳಿಯುತ್ತೆ, ತೊಳೆಯುವಾಗ ಚೆನ್ನಾಗಿ ತೊಳೆಯಬೇಕು. "ಅಮೋನಿಯಾ ಇಲ್ಲ, ಅಲರ್ಜಿ ಆಗಲ್ಲ" ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಅಲರ್ಜಿ ಮಾಡೋದು ಮುಖ್ಯವಾಗಿ ಪಿಪಿಡಿ, ಪಿಟಿಡಿ ಥರದ ಬಣ್ಣದ ಮೂಲವಸ್ತುಗಳು. ಅಮೋನಿಯಾ ಇಲ್ಲದ ಟ್ಯೂಬಲ್ಲೂ ಅವು ಇರಬಹುದು. ಪಿಪಿಡಿ ಆಗದವರಲ್ಲಿ ಬಹಳ ಜನಕ್ಕೆ ಪಿಟಿಡಿಯೂ ಆಗಲ್ಲ. ಆದ್ದರಿಂದ ಹೊಸ ಕಂಪನಿ ಅಂದರೆ ಹೊಸ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ನೋಡೋದು), ಹತ್ತು ವರ್ಷದಿಂದ ಬರ್ತಿರೋ ಟೀಚರಮ್ಮನಿಗೂ. ಟ್ಯೂಬಿನ ಕಾಗದದಲ್ಲಿ ಹೇಳಿದ ಹಾಗೆ ಮಾಡಿ 48 ಗಂಟೆ ಕಾಯಿರಿ. ಈ ಟೆಸ್ಟಿನ ಸೂಚನೆಯನ್ನ ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಅಂತ ನಮ್ಮ ಕಾಸ್ಮೆಟಿಕ್ಸ್ ಕಾನೂನೇ ಹೇಳುತ್ತೆ. ಹಿಂದೆ ಕಪ್ಪು ಮೆಹಂದಿ ಚಿತ್ತಾರ ಹಾಕಿಸಿ ಕೈ ಉರಿದಿದೆ, ಗುಳ್ಳೆ ಎದ್ದಿದೆ ಅನ್ನೋರಿಗೆ ಟೆಸ್ಟೂ ಬೇಡ, ನೇರ ಚರ್ಮದ ಡಾಕ್ಟರ ಹತ್ತಿರ ಕಳಿಸಿ.

ಮೈಸೂರಿನ ಸಲೂನ್ ಮಾಲೀಕರು:

ಟ್ಯೂಬ್ ರೇಟ್ ಬಗ್ಗೆ ಯಾರೂ ಹೇಳಲಿಲ್ಲ. ರೆಪ್‌ಗಳು "ಅವರದು 50 ಮಿ.ಲೀ., ನಮ್ಮದು 60" ಅಂತ ಶುರು ಹಚ್ಕೊಳ್ತಾರೆ. 50ರ ಟ್ಯೂಬಿಗೆ ಒಂದೂವರೆ ಪಾಲು ಆಕ್ಸೈಡ್ ಸೇರಿದರೆ ಬೌಲಲ್ಲಿ 125 ಆಗುತ್ತೆ. 60ಕ್ಕೆ ಸಮಸಮ ಹಾಕಿದರೆ 120. ಎಲ್ಲಿ ಬಂತು ಲಾಭ? 75 ಗ್ರಾಂ ಬೇಕಾದ ತಲೆಗೆ ಮೊದಲನೇದರಲ್ಲಿ 30 ಗ್ರಾಂ ಕ್ರೀಮು ಸಾಕು, ಎರಡನೇದರಲ್ಲಿ ಮೂವತ್ತೇಳೂವರೆ ಬೇಕು. ತಲೆಗೆಷ್ಟು ಬಿತ್ತು ಅಂತ ಲೆಕ್ಕ ಹಾಕಿ ಮೇಡಂ. ಜಿಎಸ್‌ಟಿ ಕಟ್ಟೋರಾದರೆ ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ 5% ಆಯ್ತು, ಆದರೆ ಇನ್‌ಪುಟ್ ಕ್ರೆಡಿಟ್ ಹೋಯ್ತು. ಟ್ಯೂಬಿನ ಮೇಲೆ ಕಟ್ಟಿದ ಟ್ಯಾಕ್ಸ್ ವಾಪಸ್ ಬರಲ್ಲ, ಅದನ್ನೂ ಸೇರಿಸಿಯೇ ರೇಟ್ ನೋಡಿ.

ಪ್ರಶ್ನೆ ಕೇಳಿದವರು:

ಈ ಲೆಕ್ಕ ನಾನು ಹಾಕೇ ಇರಲಿಲ್ಲ ಸರ್. ಕಡೇದಾಗಿ ಒಂದು: ಕಸ್ಟಮರ್‌ಗೆ ಹೇಳಬೇಕಾ, ಸುಮ್ಮನೆ ಹಚ್ಚಿಬಿಡಲಾ? ಆಮೇಲೆ ಓಪನಿಂಗ್ ಆರ್ಡರಲ್ಲಿ ಏನೇನು ತಗೊಳ್ಲಿ?

ಉತ್ತರ, ಬೆಂಗಳೂರಿನ ಕಲರಿಸ್ಟ್:

ಹೇಳಲೇಬೇಕು. ಪ್ಯಾಚ್ ಟೆಸ್ಟಿಗೆ ಎರಡು ದಿನ ಮುಂಚೆ ಕರೆಸ್ತೀರಲ್ಲ, ಆಗಲೇ ಹೇಳಿ: "ಕಂಪನಿ ಬದಲಾಗಿದೆ ಮೇಡಂ, ನಿಮ್ಮ ಬಣ್ಣ ಹೊಂದಿಸೋಕೆ ಒಂದೆರಡು ಸಲ ಬೇಕಾಗಬಹುದು. ಹೆಚ್ಚುಕಡಿಮೆ ಆದರೆ ನಾನೇ ಸರಿ ಮಾಡಿಕೊಡ್ತೀನಿ." ಹೀಗೆ ಕೇಳಿಸ್ಕೊಂಡವರು ಮರುದಿನ ಫೋನ್ ಮಾಡಿದರೂ ಜಗಳಕ್ಕೆ ಮಾಡಲ್ಲ. ಹಳೇ ಕಾರ್ಡಿನಲ್ಲಿ ಹಳೇ ನಂಬರ್ ಅಳಿಸಬೇಡಿ, ಕೆಳಗೆ ಹೊಸದನ್ನ ಗ್ರಾಂ ಸಮೇತ ಬರೆಯಿರಿ.

ಆರ್ಡರ್ ಕೊಡೋ ಮುಂಚೆ ಒಂದು ಕೆಲಸ ಇದೆ. ನೀವು ಹಳೇದನ್ನ ಬಿಡ್ತಿರೋದು ಬಣ್ಣ ಕೆಟ್ಟದ್ದು ಅಂತಲ್ಲ, ಮಾಲು ಬರಲ್ಲ ಅಂತ. ಅದು ಕಂಪನಿಯ ತೊಂದರೆಯೋ, ನಿಮ್ಮೂರಿನ ಡಿಸ್ಟ್ರಿಬ್ಯೂಟರದ್ದೋ? ಹುಬ್ಬಳ್ಳಿ ಡಿಸ್ಟ್ರಿಬ್ಯೂಟರ್ ಹತ್ತಿರ ಅದೇ ಟ್ಯೂಬು ಸಿಗುತ್ತಾ ವಿಚಾರಿಸಿ. ಸಿಕ್ಕರೆ ಈ ತಲೆನೋವೆಲ್ಲಾ ಯಾಕೆ? ಹೊಸ ಕಂಪನಿಯದ್ದು ಬಳಸ್ತಿರೋ ಪಕ್ಕದ ಸಲೂನಿನವರನ್ನೂ, ಖಾಲಿಯಾದ ಶೇಡು ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿ.

ಬದಲಾಯಿಸೋದೇ ಸೈ ಅಂದರೆ ನ್ಯಾಚುರಲ್ 3, 4, 5 ಜಾಸ್ತಿ, ಗೋಲ್ಡು, ಬ್ರೌನು ಎರಡೆರಡು, ಕೆಂಪು ಒಂದೊಂದು, 6% ಆಕ್ಸೈಡ್ ಧಾರಾಳ, ಟೋನ್ ಆನ್ ಟೋನಲ್ಲಿ 4 ಮತ್ತು 5. ಪ್ಯಾಕೇಜಲ್ಲಿ 8, 9, 10 ತುರುಕಿದ್ದರೆ ತೆಗೆಸಿ ನ್ಯಾಚುರಲ್ ಹಾಕಿಸ್ಕೊಳ್ಳಿ. ತೆಗೆಯಲ್ಲ ಅಂದರೆ, ಓಡದ ಶೇಡು ವಾಪಸ್ ತಗೊಳ್ತೀವಿ ಅಂತ ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿ. ಏಪ್ರನ್ನು, ಬೌಲು ಬಜಾರಲ್ಲೂ ಸಿಗುತ್ತೆ.