ಸಹಾಯ ಬೇಕು: ಅಂಟಿಸಿದ ಎಕ್ಸ್‌ಟೆನ್ಷನ್ ಬುಡದಲ್ಲಿ ಗಂಟಾಗುತ್ತಿದೆ

ಕೆರಾಟಿನ್ ಅಂಟಿನ ಹೇರ್ ಎಕ್ಸ್‌ಟೆನ್ಷನ್ (ಸ್ವಂತ ಕೂದಲಿಗೆ ಅಂಟಿಸುವ ಹೆಚ್ಚುವರಿ ಎಳೆಗಳು) ಹಾಕಿಸಿಕೊಂಡು 6 ವಾರವಾಯಿತು. ಮೊದಲ 2 ದಿನ ತಲೆ ತೊಳೆಯಬೇಡಿ, ಬುಡಕ್ಕೆ ಎಣ್ಣೆ, ಕಂಡೀಷನರ್ ತಾಗಿಸಬೇಡಿ ಎಂದು ಪಾರ್ಲರ್‌ನವರು ಹೇಳಿದ್ದರು. ಚಾಚೂ ತಪ್ಪದೆ ಪಾಲಿಸಿದೆ. ಸಲ್ಫೇಟ್ ಇಲ್ಲದ ಶಾಂಪೂವನ್ನೇ ಬಳಸುತ್ತಿದ್ದೇನೆ. ಎಡವಿದ್ದು ಒಂದೇ ಕಡೆ: ಎರಡು ಮೂರು ರಾತ್ರಿ ಒದ್ದೆ ಕೂದಲಿನಲ್ಲೇ ಮಲಗಿಬಿಟ್ಟೆ. ಸೋಮಾರಿತನ, ಬೇರೇನಲ್ಲ.

ಈಗ ಕಿವಿಯ ಹಿಂದೆ ಬೆರಳಾಡಿಸಿದರೆ ಅಕ್ಕಿಕಾಳಿನಷ್ಟಿರುವ ಎರಡು ಅಂಟುಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ತಿಳಿಯುತ್ತದೆ. ನಡುವೆ ಉದುರಿದ ಕೂದಲು ಸಿಕ್ಕಿ ಹತ್ತಿಯುಂಡೆಯಂತಾಗಿದೆ. ಇನ್ನೊಂದು ಎಳೆ ಬುಡದಿಂದ ಎರಡು ಬೆರಳು ಕೆಳಕ್ಕೆ ಜಾರಿ ತೂಗಾಡುತ್ತಿದೆ. ಬುಡವನ್ನು ಒಂದು ಕೈಯಲ್ಲಿ ಹಿಡಿದು, ಬಾಚಣಿಗೆಯ ಚೂಪು ತುದಿಯಿಂದ ಬಿಡಿಸಲು ನೋಡಿದೆ. ಅರ್ಧ ಬಿಟ್ಟುಕೊಂಡಿತು, ಇನ್ನರ್ಧ ನನ್ನದೇ ಕೂದಲನ್ನು ಕಿತ್ತುಕೊಂಡು ಬಂತು.

ಇಂಥ ಗಂಟನ್ನು ಮನೆಯಲ್ಲೇ ಬಿಡಿಸಿದವರು ಯಾರಾದರೂ ಇದ್ದೀರಾ? ಎಣ್ಣೆ ಹಚ್ಚೋಣವೆಂದರೆ ಅಕ್ಕಪಕ್ಕದ ಅಂಟೂ ಸಡಿಲವಾದೀತೆಂಬ ಭಯ. ಜಾರಿದ ಎಳೆಯನ್ನು ಪಾರ್ಲರ್‌ನಲ್ಲಿ ಅಂಟು ಬಿಡಿಸುವ ದ್ರಾವಣ ಹಾಕಿ ತೆಗೆಸುವವರೆಗೆ ಹಾಗೆಯೇ ಬಿಡಲೇ? ಡ್ರೈಯರ್‌ನ ಬಿಸಿ ಬುಡಕ್ಕೆ ತಾಗದಂತೆ ಬೇಗ ಒಣಗಿಸುವ ಉಪಾಯವಿದ್ದರೆ ಅದನ್ನೂ ತಿಳಿಸಿ. ಮಲಗುವಾಗ ಸಡಿಲ ಜಡೆ ಸಾಕೇ, ರೇಷ್ಮೆಯ ದಿಂಬಿನ ಹೊದಿಕೆಯೂ ಬೇಕೇ?

“ಕತ್ತರಿಸಿ ಬಿಸಾಡು” ಎನ್ನುವವರು ದಯವಿಟ್ಟು ಸುಮ್ಮನಿರಿ. ಅಮ್ಮ ಆಗಲೇ ಹೇಳಿಯಾಗಿದೆ.